ಕಾರಣ ಬರೆದುಕೊಡಿ ಎಂದು ಕೇಳಿದ ರಾತ್ರಿ

2023ರ ಫೆಬ್ರವರಿ. ಅಹಮದಾಬಾದಿನಲ್ಲಿರುವ ನನ್ನ ಅಕ್ಕನಿಗೆ ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಆಪರೇಷನ್ ಇತ್ತು. ಥಿಯೇಟರ್ ಒಳಗೆ ಹೋಗುವ ಮುಂಚೆ ಅಮ್ಮನ ಮುಖ ನೋಡಬೇಕು ಅಂತ ಅವಳು ಫೋನಿನಲ್ಲಿ ಹೇಳಿದ್ದಳು. ನಾನು ಶಾಲೆಗೆ ರಜೆ ಹಾಕಿ, ಅಮ್ಮನನ್ನು ಕರೆದುಕೊಂಡು, ತುಮಕೂರಿನಿಂದ ಮಧ್ಯಾಹ್ನ ಮೂರೂವರೆಗೇ ಹೊರಟೆ. ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ. ವಿಮಾನ ರಾತ್ರಿ 8.50ಕ್ಕೆ.

ಅಮ್ಮನಿಗೆ ಆಗ ಅರವತ್ತೆಂಟು. ಸಕ್ಕರೆ ಕಾಯಿಲೆ. ಊಟದ ಹೊತ್ತು ತಪ್ಪಿದರೆ ಕೈ ನಡುಗುತ್ತದೆ.

ಎಂಟೂ ಕಾಲಿಗೆ ಬೋರ್ಡಿನಲ್ಲಿ 8.50 ಹೋಗಿ 10.30 ಬಂತು. ಹತ್ತು ಗಂಟೆಗೆ ಅದು 11.45 ಆಯಿತು. ಆಮೇಲೆ 1.15. ಪ್ರತಿ ಸಲ "ಇನ್ನೇನು ಬರುತ್ತೆ" ಅನ್ನುವ ಹಾಗೆ ಒಂದು ಗಂಟೆ, ಒಂದೂವರೆ ಗಂಟೆ ಮುಂದಕ್ಕೆ. ಇದರಲ್ಲಿ ದೊಡ್ಡ ತೊಂದರೆ ಇದೆ. ಐದು ಗಂಟೆ ತಡ ಅಂತ ಮೊದಲೇ ಹೇಳಿದ್ದರೆ ನಾನು ಆಗಲೇ ಬೇರೆ ವಿಮಾನ ಹುಡುಕುತ್ತಿದ್ದೆ. ಅದೇ ರಾತ್ರಿ ಒಂಬತ್ತೂ ಮುಕ್ಕಾಲಿಗೆ ಬೇರೆ ಕಂಪನಿಯ ವಿಮಾನವೊಂದು ಅಹಮದಾಬಾದಿಗೆ ಹೊರಟು ಹೋಯಿತು. ನಾವು ಕಾಯುತ್ತಾ ಕೂತಿದ್ದೆವು.

ಪಕ್ಕದಲ್ಲಿ ಕೂತಿದ್ದ ಹುಡುಗನೊಬ್ಬ ಫೋನಿನಲ್ಲಿ ಫ್ಲೈಟ್‌ರಾಡಾರ್24 ಅನ್ನುವ, ವಿಮಾನ ಎಲ್ಲಿದೆ ಅಂತ ಕಾಣಿಸುವ ಆ್ಯಪ್ ತೆಗೆದು ತೋರಿಸಿದ. "ಮೇಡಂ, ನಮ್ಮನ್ನು ಕರ್ಕೊಂಡು ಹೋಗಬೇಕಾದ ವಿಮಾನ ಇನ್ನೂ ಕೊಚ್ಚಿಯಲ್ಲೇ ನಿಂತಿದೆ. ಮಧ್ಯಾಹ್ನದಿಂದ ಹಾರೇ ಇಲ್ಲ." ಆಗ ಗಂಟೆ 9.55. ಕೊಚ್ಚಿಯಿಂದ ಬೆಂಗಳೂರಿಗೆ ಬರಲು ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಬೋರ್ಡಿನಲ್ಲಿ ಮಾತ್ರ ಇನ್ನೂ 10.30 ಅಂತಲೇ ಇತ್ತು! ನಾನು ತಕ್ಷಣ ಎರಡನ್ನೂ ಫೋಟೋ ತೆಗೆದುಕೊಂಡೆ, ಬೋರ್ಡಿನದೂ ಆ ಪರದೆಯದೂ. ಅದು ಮುಂದೆ ಎಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಆಗ ಗೊತ್ತಿರಲಿಲ್ಲ. ಆ ಆ್ಯಪಿನಲ್ಲಿ ಹಣ ಕೊಡದವರಿಗೆ ಹಿಂದಿನ ಏಳು ದಿನದ ಮಾಹಿತಿ ಮಾತ್ರ ಸಿಗುತ್ತದೆ. ಆಮೇಲೆ ನೋಡೋಣ ಅಂದುಕೊಂಡರೆ ಅದು ಹೋಯಿತು ಅಂತಲೇ ಲೆಕ್ಕ.

10.50ಕ್ಕೆ ಕೌಂಟರಿಗೆ ಹೋಗಿ ಊಟ ಕೇಳಿದೆ. ಎರಡೂವರೆ ಗಂಟೆಯೊಳಗಿನ ಪ್ರಯಾಣವಾದರೆ, ಎರಡು ಗಂಟೆ ತಡವಾದ ಮೇಲೆ ತಿಂಡಿ, ಊಟ ಕೊಡಬೇಕು ಅಂತ ವಿಮಾನಯಾನ ಮಹಾ ನಿರ್ದೇಶನಾಲಯದ, ಅಂದರೆ ಡಿಜಿಸಿಎಯ ನಿಯಮವೇ ಇದೆ. ಕೇಳಿದವರಿಗೆ ಕೂಪನ್ ಕೊಡುತ್ತಿದ್ದರು. ಕೇಳದವರು ಸುಮ್ನೆ ಕೂತಿದ್ದರು. ನಾನು ಹಿಂದೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, ಇಲ್ಲಿ ಊಟದ ಕೂಪನ್ ಕೊಡ್ತಿದ್ದಾರೆ ಅಂತ.

1.40ಕ್ಕೆ ವಿಮಾನ ರದ್ದು. ಫೋನಿಗೆ ಮೆಸೇಜ್ ಬಂತು: ಹವಾಮಾನ ಸರಿಯಿಲ್ಲದ ಕಾರಣ.

ಕಿಟಕಿಯಾಚೆ ಬೇರೆ ವಿಮಾನಗಳು ಒಂದಾದ ಮೇಲೊಂದು ಏರುತ್ತಿದ್ದವು. ಮಳೆ ಇಲ್ಲ, ಮಂಜೂ ಇಲ್ಲ. ಕೌಂಟರಿನಲ್ಲಿ ಒಬ್ಬಳೇ ಹುಡುಗಿ, ಇಪ್ಪತ್ತೆರಡೋ ಇಪ್ಪತ್ಮೂರೋ. ಸುತ್ತ ನೂರು ಜನ ಕೂಗಾಡುತ್ತಿದ್ದರು. ಅವಳಿಗೂ ಮೇಲಿನವರು ಏನೂ ಹೇಳಿರಲಿಲ್ಲ ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. ಅಮ್ಮ ನನ್ನ ಕೈ ಹಿಡಿದು, "ಬಿಡೇ, ಆ ಮಗು ಏನು ಮಾಡುತ್ತೆ ಪಾಪ" ಅಂದರು. ನಾನು ಗಲಾಟೆ ಕಡಿಮೆಯಾಗುವ ತನಕ ಕಾದೆ. ಆಮೇಲೆ ಕೇಳಿದ್ದು ಒಂದೇ. "ನೋಡಮ್ಮ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ವಿಮಾನ ಯಾಕೆ ರದ್ದಾಯಿತು ಅಂತ ಒಂದು ಕಾಗದದಲ್ಲಿ ಬರೆದು ಸೀಲು ಹಾಕಿಕೊಡು."

ಅವಳು ತನ್ನ ಮೇಲಿನವರಿಗೆ ಫೋನ್ ಮಾಡಿ, ಆಮೇಲೆ ಅರ್ಧ ಹಾಳೆಯ ಪ್ರಮಾಣಪತ್ರ ಕೊಟ್ಟಳು. ಅದರಲ್ಲಿ ಹವಾಮಾನದ ಮಾತೇ ಇರಲಿಲ್ಲ. 'ಆಪರೇಷನಲ್ ರೀಸನ್' ಅಂತಿತ್ತು, ಅಂದರೆ ಕಂಪನಿಯ ಕಾರ್ಯಾಚರಣೆಯ ಕಾರಣ. ನನ್ನ ಇಡೀ ಕೇಸು ನಿಂತದ್ದು ಆ ಎರಡು ಪದಗಳ ಮೇಲೆ.

ಯಾಕೆ ಅಂತ ಹೇಳುತ್ತೇನೆ. ಡಿಜಿಸಿಎ ನಿಯಮದ ಪ್ರಕಾರ, ಕಂಪನಿ ಮುಂಚಿತವಾಗಿ ತಿಳಿಸದೆ ವಿಮಾನ ರದ್ದು ಮಾಡಿದರೆ ಟಿಕೆಟ್ ಹಣದ ಜೊತೆಗೆ ಪರಿಹಾರವನ್ನೂ ಕೊಡಬೇಕು. ಒಂದು ಗಂಟೆಯೊಳಗಿನ ಪ್ರಯಾಣಕ್ಕೆ 5,000, ಎರಡು ಗಂಟೆಯವರೆಗೆ 7,500, ಅದಕ್ಕಿಂತ ಜಾಸ್ತಿಯಾದರೆ 10,000 ರೂಪಾಯಿ. ಆದರೆ ಇದು ಪೂರ್ತಿ ಸಿಗುವ ಮೊತ್ತ ಅಲ್ಲ. ಟಿಕೆಟ್ಟಿನ ಮೂಲ ದರ ಮತ್ತು ಇಂಧನ ಶುಲ್ಕ ಸೇರಿಸಿ ಎಷ್ಟಾಗುತ್ತದೋ ಅದು, ಇಲ್ಲವೇ ಈ ಮೊತ್ತ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ನಮ್ಮ ಟಿಕೆಟ್ ಒಬ್ಬರಿಗೆ 5,312. ಅದರಲ್ಲಿ ಮೂಲ ದರ, ಇಂಧನ ಶುಲ್ಕ ಸೇರಿ 4,180. ಹಾಗಾಗಿ ನಮಗೆ ಸಲ್ಲಬೇಕಾದದ್ದು ತಲಾ 4,180. ಹತ್ತು ಸಾವಿರ ಕೊಡಿ ಅಂತ ಬರೆಯುವವರು ಬಹಳ ಜನ. ಕಂಪನಿಯವರು ಆ ಒಂದು ತಪ್ಪನ್ನೇ ಹಿಡಿದುಕೊಂಡು ಪತ್ರವ್ಯವಹಾರ ಎಳೆಯುತ್ತಾರೆ.

ಪ್ರವಾಹ, ಗಲಭೆ, ಮುಷ್ಕರ, ಭದ್ರತೆಯ ಅಪಾಯ, ಕೆಟ್ಟ ಹವಾಮಾನ, ಹೀಗೆ ಕಂಪನಿಯ ಕೈಮೀರಿದ ಕಾರಣವಾದರೆ ಪರಿಹಾರ ಕೊಡಬೇಕಿಲ್ಲ. ಅದಕ್ಕೇ 'ಹವಾಮಾನ' ಅನ್ನುವ ಪದಕ್ಕೆ ಅಷ್ಟು ಬೆಲೆ.

ಮಾರನೇ ದಿನ ಸಂಜೆಯ ವಿಮಾನದಲ್ಲಿ ಸೀಟು ಕೊಡುತ್ತೇವೆ ಅಂದರು. ಆಪರೇಷನ್ ಇರುವುದು ಬೆಳಿಗ್ಗೆ. ನಾನು ಬೇಡವೆಂದು ಬರೆದುಕೊಟ್ಟು, ಬೇರೆ ಕಂಪನಿಯ 6.10ರ ವಿಮಾನಕ್ಕೆ ತಲಾ 11,450 ಕೊಟ್ಟು ಟಿಕೆಟ್ ತೆಗೆದೆ. ಆ ಹೊತ್ತಿನಲ್ಲಿ ತುಮಕೂರಿಗೆ ವಾಪಸ್ ಹೋಗುವ ಮಾತೇ ಇರಲಿಲ್ಲ. ಅಮ್ಮ ಮೂರು ಕುರ್ಚಿಗಳ ಮೇಲೆ ಶಾಲು ಹೊದ್ದು ಮಲಗಿದರು. ನಾವು ಆಸ್ಪತ್ರೆ ಮುಟ್ಟಿದಾಗ ಒಂಬತ್ತೂ ಇಪ್ಪತ್ತು. ಅಕ್ಕನನ್ನು ಒಳಗೆ ಕರೆದುಕೊಂಡು ಹೋಗಿದ್ದರು. ಅಮ್ಮ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತು ಒಂದು ಮಾತೂ ಆಡಲಿಲ್ಲ. ಆಪರೇಷನ್ ಚೆನ್ನಾಗಿ ಆಯಿತು. ಆದರೂ ಆ ಬೆಂಚು ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದಕ್ಕೇ ನಾನು ಇದನ್ನು ಬಿಡಲಿಲ್ಲ.

ಊರಿಗೆ ಬಂದ ಮೇಲೆ ನೋಡಿದರೆ ಟಿಕೆಟ್ ಹಣ ಕಾರ್ಡಿಗೆ ಬಂದಿಲ್ಲ. ಕಂಪನಿಯವರು ಅದನ್ನು ತಮ್ಮಲ್ಲೇ 'ಕ್ರೆಡಿಟ್ ಶೆಲ್' ಅಂತ ಇಟ್ಟುಕೊಂಡು, ಒಂದು ವರ್ಷದೊಳಗೆ ಅವರ ವಿಮಾನದಲ್ಲೇ ಬಳಸಿ ಅಂತ ಮೇಲ್ ಕಳಿಸಿದ್ದರು. ಕ್ರೆಡಿಟ್ ಶೆಲ್ ಬೇಕೋ ಹಣ ಬೇಕೋ ಅನ್ನುವುದು ಪ್ರಯಾಣಿಕರ ಆಯ್ಕೆ, ಕಂಪನಿಯದಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟ ಹಣವನ್ನು ಏಳು ದಿನದೊಳಗೆ ವಾಪಸ್ ಮಾಡಬೇಕು ಅಂತ ಆಗಿನ ನಿಯಮದಲ್ಲೇ ಇತ್ತು. ಕಸ್ಟಮರ್ ಕೇರಿಗೆ ಮಾಡಿದ ಫೋನ್‌ಗಳ ಕಥೆ ಹೇಳುವಷ್ಟು ದೊಡ್ಡದಲ್ಲ. ಪ್ರತಿ ಸಲ ಹೊಸಬರು, ಪ್ರತಿ ಸಲ ಮೊದಲಿನಿಂದ. ಮೂರನೇ ಫೋನ್ ಆದ ಮೇಲೆ ನಾನು ಫೋನ್ ಮಾಡುವುದನ್ನೇ ಬಿಟ್ಟೆ. ಎಲ್ಲವೂ ಮೇಲ್‌ನಲ್ಲಿ. ಮೊದಲು ಕಂಪನಿಯಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ, ಉತ್ತರ ಬರದಿದ್ದಾಗ ಅವರ ಮೇಲ್ಮನವಿ ಅಧಿಕಾರಿಗೆ. ಈ ಇಬ್ಬರ ವಿಳಾಸವೂ ಕಂಪನಿಯ ವೆಬ್‌ಸೈಟಿನಲ್ಲಿ ಇರಲೇಬೇಕು. ಮೂಲೆಯಲ್ಲಿರುತ್ತದೆ, ಹುಡುಕಬೇಕು.

ಹನ್ನೊಂದನೇ ದಿನ ಕೇಂದ್ರ ವಿಮಾನಯಾನ ಸಚಿವಾಲಯದ ಏರ್‌ಸೇವಾ ಅನ್ನುವ ದೂರಿನ ತಾಣದಲ್ಲಿ ದೂರು ಹಾಕಿದೆ. ಅಲ್ಲಿ ಹಾಕಿದ ಮೇಲೆ ಕೆಲಸ ನಡೆಯಿತು. ವಿಮಾನ ರದ್ದಾದ 23ನೇ ದಿನಕ್ಕೆ 10,624 ರೂಪಾಯಿ ಕಾರ್ಡಿಗೆ ಬಂತು. ಪರಿಹಾರಕ್ಕೆ ಮಾತ್ರ ಅದೇ ಉತ್ತರ: ಹವಾಮಾನದ ಕಾರಣ, ಕೊಡಲಾಗದು. ದೂರು ಮುಕ್ತಾಯ.

ಆಗ ಮೆಟಾರ್ ವಿಷಯ ಕಲಿತೆ. ಪ್ರತಿ ದೊಡ್ಡ ವಿಮಾನ ನಿಲ್ದಾಣದಿಂದ ಅರ್ಧ ಗಂಟೆಗೊಮ್ಮೆ ಹವಾಮಾನ ವರದಿ ಹೊರಡುತ್ತದೆ. ಅದರ ಹೆಸರೇ ಮೆಟಾರ್. ಗಾಳಿ ಎಷ್ಟು, ಎಷ್ಟು ಮೀಟರ್ ದೂರ ಕಾಣುತ್ತಿದೆ, ಮೋಡ ಎಷ್ಟು ಎತ್ತರದಲ್ಲಿದೆ, ಎಲ್ಲ ಒಂದೇ ಸಾಲಿನಲ್ಲಿರುತ್ತದೆ. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ತಾಣದಲ್ಲಿ ಹಳೆಯ ವರದಿಗಳೂ ಉಚಿತವಾಗಿ ಸಿಗುತ್ತವೆ. ಒಂದು ಎಚ್ಚರ: ಅದರಲ್ಲಿನ ಸಮಯ ನಮ್ಮದಲ್ಲ. ಐದೂವರೆ ಗಂಟೆ ಕೂಡಿಸಿಕೊಳ್ಳಬೇಕು. ಬೆಂಗಳೂರು, ಅಹಮದಾಬಾದ್, ಕೊಚ್ಚಿ, ಮೂರೂ ಊರಿನ ಆ ದಿನದ ಮಧ್ಯಾಹ್ನದಿಂದ ಬೆಳಗಿನವರೆಗಿನ ವರದಿಗಳನ್ನು ತೆಗೆದು ಪ್ರಿಂಟ್ ಮಾಡಿದೆ. ಎಲ್ಲಿಯೂ ಮಳೆಯಿಲ್ಲ, ಮಂಜಿಲ್ಲ. ಬೆಂಗಳೂರಿನಲ್ಲಿ ರಾತ್ರಿಯಿಡೀ 6,000 ಮೀಟರ್ ದೂರ ಕಾಣುತ್ತಿತ್ತು. ಅದರ ಪಕ್ಕದಲ್ಲಿ ಒಂಬತ್ತೂ ಮುಕ್ಕಾಲಿಗೆ ಹೊರಟ ಇನ್ನೊಂದು ಕಂಪನಿಯ ವಿಮಾನದ ವಿವರ ಇಟ್ಟೆ.

ಕಂಪನಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನಾನೇ ನೋಟಿಸ್ ಕಳಿಸಿದೆ. ಒಂದೂವರೆ ಪುಟ, ಹದಿನೈದು ದಿನದ ಗಡುವು. ಉತ್ತರ ಬರಲಿಲ್ಲ. ಏಪ್ರಿಲ್‌ನಲ್ಲಿ ಇ-ದಾಖಿಲ್ ಅನ್ನುವ ಆನ್‌ಲೈನ್ ತಾಣದ ಮೂಲಕ ತುಮಕೂರು ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸಿದೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾವು ವಾಸವಿರುವ ಊರಿನಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಟ್ಟರೆ ಸಾಕು. (ಇ-ದಾಖಿಲ್ ಜಾಗಕ್ಕೆ 2025ರಲ್ಲಿ ಇ-ಜಾಗೃತಿ ಬಂದಿದೆ.)

ಆಯೋಗದ ಕಚೇರಿಯಲ್ಲಿ ಒಬ್ಬರು ಹಿರಿಯ ಗುಮಾಸ್ತರು ನನ್ನ ಕಾಗದ ತಿರುವಿ, "ಮೇಡಂ, ಮೊಬೈಲ್ ಫೋಟೋಗಳಿಗೆ 65ಬಿ ಸರ್ಟಿಫಿಕೇಟ್ ಹಾಕಿ, ಇಲ್ಲಾಂದ್ರೆ ಎದುರು ಪಾರ್ಟಿ ತಕರಾರು ತೆಗೀತಾರೆ" ಅಂದರು. ಫೋಟೋ, ಮೇಲ್ ಎಲ್ಲ ನನ್ನದೇ ಫೋನು, ಕಂಪ್ಯೂಟರಿನಿಂದ ತೆಗೆದದ್ದು ಅಂತ ನಾವೇ ಸಹಿ ಮಾಡಿಕೊಡುವ ಒಂದು ಪುಟ ಅದು. ಈಗ ಸಾಕ್ಷ್ಯ ಕಾಯ್ದೆ ಬದಲಾಗಿ ಅದು 63ನೇ ಸೆಕ್ಷನ್ ಆಗಿದೆ. ಆ ಮಾತಿಗೆ ನಾನು ಅವರಿಗೆ ಋಣಿ.

ಕಂಪನಿಯ ವಕೀಲರು 38ನೇ ದಿನ ತಕರಾರು ಸಲ್ಲಿಸಿದರು. ಮೂವತ್ತು ದಿನ, ಅದರ ಮೇಲೆ ಹದಿನೈದು ದಿನ, ಅಷ್ಟೇ ಅವರಿಗೆ ಅವಕಾಶ. ಅವರ ವಾದ ಎರಡು. ಟಿಕೆಟ್ಟಿನ ಷರತ್ತಿನಲ್ಲಿ ದೆಹಲಿ ಕೋರ್ಟಿಗೇ ಹೋಗಬೇಕು ಅಂತಿದೆ ಅನ್ನುವುದು ಒಂದು. ಇನ್ನೊಂದು, ಹವಾಮಾನ. ಮೊದಲನೆಯದಕ್ಕೆ, ವಾಸವಿರುವ ಊರಿನಲ್ಲೇ ದೂರು ಕೊಡಬಹುದು ಅನ್ನುವ ಗ್ರಾಹಕ ಕಾಯ್ದೆಯ 34ನೇ ಸೆಕ್ಷನ್ ತೋರಿಸಿದೆ. ಎರಡನೆಯದಕ್ಕೆ ಅವರದೇ ಸೀಲಿನ ಅರ್ಧ ಹಾಳೆ ಮುಂದಿಟ್ಟೆ. ಅಧ್ಯಕ್ಷರು ವಕೀಲರನ್ನು ಒಂದೇ ಪ್ರಶ್ನೆ ಕೇಳಿದರು: ಹವಾಮಾನ ಕೆಟ್ಟಿತ್ತು ಅನ್ನುವುದಕ್ಕೆ ನಿಮ್ಮ ದಾಖಲೆ ಎಲ್ಲಿ? ಮುಂದಿನ ವಾಯಿದೆಗೆ ತರುತ್ತೇವೆ ಅಂದರು. ತರಲಿಲ್ಲ. ಅದರ ಮುಂದಿನ ವಾಯಿದೆಗೂ ತರಲಿಲ್ಲ. ಒಟ್ಟು ಆರು ವಾಯಿದೆ, ನನಗೆ ಆರು ಅರ್ಧ ದಿನದ ರಜೆ.

ನವೆಂಬರ್‌ನಲ್ಲಿ ಆದೇಶ ಬಂತು. ನಿಯಮದ ಪರಿಹಾರ ಇಬ್ಬರಿಗೂ ಸೇರಿ 8,360. ಹೊಸ ಟಿಕೆಟ್ಟಿಗೂ ಹಳೆಯದಕ್ಕೂ ಇದ್ದ ವ್ಯತ್ಯಾಸ 12,276. ಮಾನಸಿಕ ಯಾತನೆಗೆ 10,000, ಕೇಸಿನ ಖರ್ಚಿಗೆ 3,000. ಒಟ್ಟು 33,636 ರೂಪಾಯಿ. ಮಾನಸಿಕ ಯಾತನೆಗೆ ನಾನು ಕೇಳಿದ್ದು 50,000. ಅಷ್ಟು ಸಿಗುವುದಿಲ್ಲ ಅಂತ ಗುಮಾಸ್ತರು ಮೊದಲೇ ಹೇಳಿದ್ದರು. ಅಹಮದಾಬಾದಿನ ಆಟೋ ಖರ್ಚಿಗೆ, ಬೆಳಗಿನ ತಿಂಡಿಗೆ ಬಿಲ್ ಇರಲಿಲ್ಲ. ಅದನ್ನು ಒಪ್ಪಲಿಲ್ಲ.

ಮೇಲ್ಮನವಿಗೆ 45 ದಿನ ಅವಕಾಶವಿರುತ್ತದೆ. ಹೋಗಬೇಕಾದರೆ ಆದೇಶದ ಅರ್ಧ ಹಣ ಮೊದಲು ಕಟ್ಟಬೇಕು. ಅವರು ಹೋಗಲಿಲ್ಲ. 41ನೇ ದಿನ ಅಮ್ಮನ ಹೆಸರಿಗೊಂದು, ನನ್ನ ಹೆಸರಿಗೊಂದು ಡಿಡಿ ಬಂತು. ಅಮ್ಮ ಕನ್ನಡಕ ಹಾಕಿಕೊಂಡು ಲಕೋಟೆಯ ಒಳಗೆ ಮತ್ತೊಮ್ಮೆ ನೋಡಿದರು. "ಪತ್ರ ಏನೂ ಬರೆದಿಲ್ವಾ?" ಅಂತ ಕೇಳಿದರು. ಇರಲಿಲ್ಲ.