ಪದಬಂಧದಲ್ಲಿ ಮತ್ತೆ ಅದೇ ‘ಕಮಲ’ವೇ?

ಮೈಸೂರಿನ ಒಂದು ಸ್ಥಳೀಯ ಪತ್ರಿಕೆಗೆ ವಾರಕ್ಕೊಂದು ಪದಬಂಧ ಹೆಣೆದುಕೊಡುತ್ತೇನೆ. ಓದುಗರ ದೂರು ಹೆಚ್ಚುಕಡಿಮೆ ಒಂದೇ: ‘ಮೇಡಂ, ಹೋದ ತಿಂಗಳು ತಾನೇ ಬಂದಿತ್ತಲ್ಲ ಕಮಲ, ಮತ್ಯಾಕೆ?’ ಕೇಳುವುದು ನ್ಯಾಯವೇ. ಆದರೆ ಉತ್ತರ ಮರಳಿ ಬರುವುದು ಬೇರೆ, ಸುಳಿವು ಮರಳಿ ಬರುವುದು ಬೇರೆ. ಮೊದಲನೆಯದನ್ನು ಪೂರ್ತಿ ತಡೆಯುವುದು ನನ್ನ ಕೈಲಿಲ್ಲ. ಎರಡನೆಯದು ನಡೆದರೆ ಅದು ಬರೀ ಸೋಮಾರಿತನ.

ಯಾಕೆ ತಡೆಯಲಾಗದು ಅಂದರೆ, ಇಂಗ್ಲಿಷಿನವರಿಗೆ ಮನೆ ತುಂಬಲು ಇರುವುದು 26 ಅಕ್ಷರ. ನಮ್ಮಲ್ಲಿ 34 ವ್ಯಂಜನಕ್ಕೂ ಕಾಗುಣಿತ ಬರೆದರೆ ನಾನೂರು ದಾಟುತ್ತದೆ, ಒತ್ತಕ್ಷರ ಅದರ ಮೇಲೆ. ಅಡ್ಡ ಪದದಲ್ಲಿ ‘ಷ್ಣ’ ಬಂದರೆ ಅದೇ ಮನೆಯಲ್ಲಿ ‘ಷ್ಣ’ ಇರುವ ಉದ್ದ ಪದ, ಅಂದರೆ ಮೇಲಿನಿಂದ ಕೆಳಗೆ ಓದುವ ಪದ, ಹುಡುಕಬೇಕು. ಸಿಗುವುದು ಕೃಷ್ಣ, ಉಷ್ಣ. ವಿಷ್ಣು ಆಗದು, ಅದು ‘ಷ್ಣು’; ತೃಷ್ಣೆಯೂ ಆಗದು, ಅದು ‘ಷ್ಣೆ’... ಅಲ್ಲಿಗೆ ಕೈ ಸೋಲುತ್ತದೆ. ಆದ್ದರಿಂದ ಪದಗಳು ಹಾಯುವ ಮನೆಗಳಿಗೆ ಕೊಂಬು-ದೀರ್ಘ ಇಲ್ಲದ ಬೋಳು ಅಕ್ಷರಗಳೇ ಗತಿ: ನ, ರ, ಕ, ಲ, ಮ, ಗ, ಯ, ಜ, ದ, ಸ. ಇವುಗಳಿಂದ ಹುಟ್ಟಿದ ಪದಗಳು ನಮ್ಮ ಅಂಗಡಿಯ ಖಾಯಂ ಗಿರಾಕಿಗಳು. ಕಮಲ, ನಗರ, ಜಲಜ, ಕನಕ, ನಯನ, ಸರಸ, ಗದಗ. ಇವುಗಳಲ್ಲಿ ಕೆಲವಕ್ಕೆ ಇನ್ನೊಂದು ಚಾಳಿ. ಕನಕ, ನಯನ, ಗದಗ ಹಿಂದಿನಿಂದ ಓದಿದರೂ ಹಾಗೇ ಇರುವುದರಿಂದ, ‘ಹಿಂದುಮುಂದಾಗಿದೆ’ ಎಂದು ಬರೆದು ಮುಖ ಮರೆಸುವ ಹಾದಿಯೂ ಮುಚ್ಚಿಹೋಗುತ್ತದೆ.

ಇಂಗ್ಲಿಷಿನಲ್ಲೂ ಈ ರೋಗ ಇದ್ದೇ ಇದೆ. ‘ಎರಾ’, ‘ಓರ್’, ‘ಆಲೋ’ದಂಥ ಸ್ವರ ತುಂಬಿದ ಕಿರುಪದಗಳು ಎಷ್ಟು ಸಲ ಬರುತ್ತವೆ ಎಂದರೆ ಅವಕ್ಕೆ ‘ಕ್ರಾಸ್‌ವರ್ಡೀಸ್’ ಎಂಬ ಹೆಸರೇ ಬಿದ್ದಿದೆ. ಇನ್ನೂ ತಮಾಷೆ ಕೇಳಿ. ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಕೊಟ್ಟ ಪದಬಂಧ, ಅಂದರೆ ಈ ಆಟದ ಮೂಲಪುರುಷ ಎನ್ನುತ್ತಾರಲ್ಲ ಅದರಲ್ಲೇ, ‘ಡವ್’ ಎಂಬ ಉತ್ತರ ಎರಡು ಕಡೆ ಇದೆ. ಒಂದಕ್ಕೆ ಸುಳಿವು ‘ಒಂದು ಹಕ್ಕಿ’, ಇನ್ನೊಂದಕ್ಕೆ ‘ಪಾರಿವಾಳ’. ಇವತ್ತು ಯಾರಾದರೂ ಹಾಗೆ ಮಾಡಿದರೆ ಸಂಪಾದಕರು ಹಾಳೆ ವಾಪಸ್ ಕಳಿಸುತ್ತಾರೆ.

ಒಂದೇ ಪದಬಂಧದೊಳಗೆ ನಾನು ಬಿಗಿ. ಉತ್ತರ ಎರಡು ಸಲ ಬರಬಾರದು, ‘ನಗರ’ ಇದ್ದ ಕಡೆ ‘ಮಹಾನಗರ’ ಬರಬಾರದು, ಒಂದರ ಉತ್ತರ ಇನ್ನೊಂದರ ಸುಳಿವಿನಲ್ಲಿ ಇಣುಕಬಾರದು. ಕೊನೆಯದೇ ಕಣ್ಣು ತಪ್ಪಿಸುವಂಥದ್ದು. 4ನೇ ಅಡ್ಡ ಪದ ‘ಹಾಲು’ ಆಗಿದ್ದು, 11ರ ಸುಳಿವು ‘ಹಾಲು ಹೆಪ್ಪಾದರೆ’ ಎಂದಿದ್ದರೆ ಬಿಡಿಸುವವರಿಗೆ ಪುಕ್ಕಟೆ ಸಿಕ್ಕಿದ ಹಾಗೆ.

ವಾರದಿಂದ ವಾರಕ್ಕೆ ಲೆಕ್ಕ ಇಡಲು ಮೊದಲು ಚೌಕದ ಗೆರೆಯ ನೋಟ್‌ಬುಕ್ ಇತ್ತು, ಈಗ ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆ. ನಾಲ್ಕು ಕಂಬಸಾಲು: ಉತ್ತರ, ಮನೆಗಳ ಸಂಖ್ಯೆ, ಕೊಟ್ಟ ಸುಳಿವು, ಅಚ್ಚಾದ ದಿನ. ಹೊಸದಾಗಿ ಹೆಣೆಯುವವರಿಗೆ ಇಲ್ಲಿ ಎರಡು ಮಾತು. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದಿಟ್ಟಿದ್ದನ್ನು ಮೊದಲು ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ, ಬದಲಿಸಿ. ಕಣ್ಣಿಗೆ ಎರಡೂ ‘ಕಮಲ’ವೇ, ಆದರೆ ಹುಡುಕಿದಾಗ ಒಂದು ಇನ್ನೊಂದಕ್ಕೆ ಸಿಗುವುದಿಲ್ಲ. ಎರಡನೆಯದು, ಮನೆಗಳನ್ನು ಯಂತ್ರದ ಕೈಲಿ ಎಣಿಸಬೇಡಿ. ‘ಕೃಷ್ಣ’ ನಮಗೆ ಎರಡು ಮನೆ. ವಟ್ರಸುಳಿ, ಒತ್ತು ಎಲ್ಲ ಬಿಡಿಬಿಡಿಯಾಗಿ ಎಣಿಸಿ ಅದು ಐದು ಎನ್ನುತ್ತದೆ.

ಹಾಳೆ ತೆರೆದರೆ ಯಾವ ಗಿರಾಕಿ ಯಾವಾಗ ಬಂದು ಹೋದ ಎಂದು ತಿಳಿಯುತ್ತದೆ. ಎರಡು ಮೂರು ತಿಂಗಳೊಳಗೆ ಬಂದಿದ್ದರೆ ಆ ಮೂಲೆಯನ್ನು ಅಳಿಸಿ ಬೇರೆ ತುಂಬಲು ನೋಡುತ್ತೇನೆ. ಆಗಲಿಲ್ಲವೋ, ಬರಲಿ, ಆದರೆ ಹೊಸ ಅಂಗಿ ತೊಟ್ಟು ಬರಲಿ. ಈ ಕೆಲಸದಲ್ಲಿ ನನಗೆ ಅತಿ ಇಷ್ಟದ ಭಾಗ ಇದೇ. ‘ಕರ’ಕ್ಕೆ ‘ಕೈ’ ಎಂದು ಕೊಡುವುದು ಯಾರಿಗೂ ಬರುತ್ತದೆ. ‘ಸೂರ್ಯ ಕೊಡುತ್ತಾನೆ, ಸರ್ಕಾರ ಕೇಳುತ್ತದೆ’ ಎಂದರೆ ಕಾಫಿ ಲೋಟ ಒಂದು ನಿಮಿಷ ಕೆಳಗಿಡುತ್ತಾರೆ. ‘ಹರಿ’ಗೆ ವಿಷ್ಣುವನ್ನು ಬಿಟ್ಟರೂ ಸಿಂಹ, ಕುದುರೆ, ಕೋತಿ, ಕಪ್ಪೆ ಎಂದೆಲ್ಲ ನಿಘಂಟಿನಲ್ಲಿ ಅರ್ಥಗಳಿವೆ; ನನಗೆ ಅವು ಯಾವುವೂ ಬೇಡ, ‘ಬಟ್ಟೆಗೂ ಹೊಳೆಗೂ ಹೊಂದುವ ಕ್ರಿಯೆ’ ಸಾಕು. ‘ಏಳು’ ಬಂದಾಗ ‘ಅಲಾರಂ ಕೂಗುವ ಅಂಕಿ’ ಎಂದು ಬರೆದೆ. ‘ಕನಕ’ಕ್ಕೆ ಚಿನ್ನ, ಆಮೇಲೆ ಉಡುಪಿಯ ಕಿಂಡಿ, ಆಮೇಲೆ ದತ್ತೂರಿ. ಮಂಡ್ಯವನ್ನು ಪ್ರತಿ ಸಲ ‘ಸಕ್ಕರೆ ನಾಡು’ ಎಂದು ಕರೆದರೆ ಮಂಡ್ಯದವರಿಗೇ ಬೇಸರ. ‘1939ರಲ್ಲಿ ಮೈಸೂರಿನಿಂದ ಬೇರೆ ಸಂಸಾರ ಹೂಡಿದ ಜಿಲ್ಲೆ’ ಎಂದೊಮ್ಮೆ ಕೊಡಬಹುದು.

ಇದನ್ನೇ ತಿರುಗಿಸಿ ಆಡುವುದೂ ಉಂಟು: ಸುಳಿವು ಅದೇ, ಉತ್ತರ ಬೇರೆ. ‘ಕೆಸರಿನಲ್ಲಿ ಅರಳುವುದು (3)’ ಎಂದರೆ ಅಭ್ಯಾಸ ಇರುವವರು ಯೋಚಿಸದೆ ‘ಕಮಲ’ ಎಂದು ಪೆನ್ನಿನಲ್ಲೇ ಬರೆಯುತ್ತಾರೆ. ಮುಂದೆ ಉದ್ದ ಪದ ಬಿಡಿಸಿದಾಗ ನಡುಮನೆಯಲ್ಲಿ ‘ರಿ’ ಬಂದು ಕೂರುತ್ತದೆ. ಅದು ವಾರಿಜ. ಪಂಕಜ, ನೀರಜ, ನಳಿನ, ರಾಜೀವ, ತಾವರೆ, ಎಲ್ಲಕ್ಕೂ ಮೂರೇ ಮನೆ. ಸುಳಿವನ್ನು ಮತ್ತೆ ಬಳಸಲು ನಾನು ಒಪ್ಪುವುದು ಇಂಥ ಕಡೆ ಮಾತ್ರ. ಹಾಯುವ ಪದಗಳು ಉತ್ತರವನ್ನು ಒಂದಕ್ಕೇ ಇಳಿಸಬೇಕು ಅನ್ನುವುದು ಷರತ್ತು. ಇಲ್ಲದಿದ್ದರೆ ಅದು ಜಾಣತನವಲ್ಲ, ಮೋಸ.

ಇನ್ನೊಂದು ವಿಷಯ ಹಳಬರಿಗೆ ಹಿಡಿಸುವುದಿಲ್ಲ. ಎರಡೋ ಮೂರೋ ಖಾಯಂ ಗಿರಾಕಿಗಳನ್ನು ಪ್ರತಿ ವಾರವೂ ಬೇಕೆಂದೇ ಇಡುತ್ತೇನೆ, ಅದೂ ನೇರ ಸುಳಿವಿನ ಜೊತೆ. ಹೊಸದಾಗಿ ಬಿಡಿಸುವ ಹುಡುಗರಿಗೆ ಕಾಲೂರಲು ಒಂದೆರಡು ಮನೆ ಬೇಡವೇ? ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ‘ಇಷ್ಟು ಸಲೀಸು ಮಾಡ್ಬೇಡಿ ತಾಯಿ’ ಎನ್ನುತ್ತಾರೆ. ಎನ್ನಲಿ, ಅವರು ಮುಗಿಸುವಷ್ಟರಲ್ಲಿ ಅವರ ಮೊಮ್ಮಗಳು ನಾಲ್ಕು ಮನೆಯಾದರೂ ತುಂಬಿರುತ್ತಾಳೆ.

ಸದ್ಯದ ತಲೆನೋವು ದಸರಾ ಸಂಚಿಕೆ. ಪ್ರತಿ ವರ್ಷ ಅದೇ ಆನೆ, ಅದೇ ಅಂಬಾರಿ, ಅದೇ ಪಂಜು. ‘750 ಕೆ.ಜಿ. ತೂಗುವ ಪೀಠ’ ಎಂದು ಅಂಬಾರಿಯನ್ನು ಆಗಲೇ ಕೊಟ್ಟಾಗಿದೆ. ‘ಬನ್ನಿ’ಯನ್ನು ಮರವಾಗಿ ಕೊಟ್ಟಾಗಿದೆ, ಈ ಸಲ ‘ವಿಜಯದಶಮಿಯ ಮರ ಕೊಡುವ ಆಹ್ವಾನ’ ಎಂದು ಬರೆದಿಟ್ಟಿದ್ದೇನೆ. ಅಂಬಾರಿಯನ್ನು ಕೈಬಿಟ್ಟು ಆ ಮೂರು ಮನೆಗೆ ಮಾವುತನ ಸಹಾಯಕ ‘ಕಾವಾಡಿ’ಯನ್ನು ಕೂರಿಸಲು ನೋಡುತ್ತಿದ್ದೇನೆ, ಮಾವುತನಾದರೂ ಒಂದೆರಡು ಸಲ ಬಂದಿದ್ದಾನೆ, ಕಾವಾಡಿ ನನ್ನ ಹಾಳೆಯಲ್ಲಿ ಇಲ್ಲವೇ ಇಲ್ಲ. ‘ವಾ’ದಲ್ಲಿ ಹಾಯುವ ಪದ ಸಿಕ್ಕಿದೆ, ‘ಜಂಬೂಸವಾರಿ’. ‘ಡಿ’ಗೆ ಇನ್ನೂ ಹುಡುಕುತ್ತಿದ್ದೇನೆ.