ಗೋವಾದಲ್ಲಿ ಟೂರ್ ಹತ್ತುವ ಮುಂಚೆ ಬೆಳಗಾವಿಯವರು ಕೇಳಬೇಕಾದ್ದು

ಬೆಳಗಾವಿಯಿಂದ ಪಣಜಿ ಅಂದರೆ ಹೆಚ್ಚುಕಡಿಮೆ ಮೂರು ತಾಸಿನ ದಾರಿ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಆಯ್ತು. ಇಷ್ಟು ಹತ್ತಿರ ಇದೆ ಅಂತಲೇ ನಾವು ಯಾರೂ ಪ್ಲಾನ್ ಮಾಡೋದಿಲ್ಲ. ಶನಿವಾರ ರಾತ್ರಿ ಮಾತು, ರವಿವಾರ ಬೆಳಿಗ್ಗೆ ಗಾಡಿ. ಅಲ್ಲಿಗೆ ಹೋದಮೇಲೆ ಯಾರೋ ಕೈಗಿಟ್ಟ ಪಾಂಪ್ಲೆಟ್ ನೋಡಿ ಸುಮ್ನೆ ಟೂರ್ ಹತ್ತಿಬಿಡುತ್ತೇವೆ.

ಪಾಂಪ್ಲೆಟ್‌ನಲ್ಲಿ ಎಷ್ಟು ಜಾಗದ ಹೆಸರಿದೆ ಅಂತ ಎಣಿಸಬೇಡಿ. ಎಲ್ಲೆಲ್ಲಿ ಇಳಿಸುತ್ತೀರಿ, ಎಷ್ಟು ಹೊತ್ತು ಬಿಡುತ್ತೀರಿ ಅಂತ ಕೇಳಿ. ಒಂಬತ್ತೂವರೆಗೆ ಹೊರಟು ಆರಕ್ಕೆ ಮುಗಿಯುವ ಟೂರ್ ಅಂದುಕೊಳ್ಳಿ. ರಸ್ತೆಗೇ ಮೂರು ತಾಸು ಹೋಯ್ತು, ಊಟಕ್ಕೆ ಒಂದು, ಹೇಳಿದ ಟೈಮಿಗೆ ಬಸ್ಸಿಗೆ ಬಾರದವರನ್ನು ಕಾಯೋದಕ್ಕೆ ಇನ್ನೊಂದು. ಉಳಿದ ಮೂರೂವರೆ ತಾಸಿನಲ್ಲಿ ಒಂಬತ್ತು ಜಾಗ ಅಂದರೆ ಒಂದಕ್ಕೆ ಇಪ್ಪತ್ಮೂರು ನಿಮಿಷ, ಅದರಲ್ಲೇ ಚಪ್ಪಲಿಯ ಮರಳು ಕೊಡವಬೇಕು, ಮಕ್ಕಳನ್ನು ಬಾತ್‌ರೂಮಿಗೆ ಕರೆದೊಯ್ಯಬೇಕು. ನಾಲ್ಕೈದು ಜಾಗದ ಟೂರ್ ಸಾಕು. ಕೆಲವು ಹೆಸರುಗಳಂತೂ ಬಸ್ಸಿನ ಕಿಟಕಿಯಿಂದ ತೋರಿಸುವುದಕ್ಕಷ್ಟೇ ಪಟ್ಟಿಯಲ್ಲಿರುತ್ತವೆ.

ನಾರ್ತ್ ಗೋವಾನಾ, ಸೌತ್ ಗೋವಾನಾ? ಜೊತೆಗೆ ಯಾರಿದ್ದಾರೆ ನೋಡಿ. ನಾರ್ತ್ ಅಂದರೆ ಸಾಮಾನ್ಯವಾಗಿ ಅಗ್ವಾದಾ ಕೋಟೆ, ಕಲಂಗುಟ್, ಅಂಜುನಾ, ವಾಗಾತೋರ್: ಬಿಸಿಲು, ಮರಳು, ಹತ್ತಿಳಿಯುವುದು ಜಾಸ್ತಿ. ಸೌತ್ ಟೂರಿನಲ್ಲಿ ಓಲ್ಡ್ ಗೋವಾದ ಚರ್ಚುಗಳು, ಮಂಗೇಶಿ, ಶಾಂತಾದುರ್ಗಾ ಇರುತ್ತವೆ. ನಮ್ಮ ಕಡೆ ಎಷ್ಟೋ ಮನೆಗಳ ಕುಲದೇವರು ಅಲ್ಲೇ ಇರೋದರಿಂದ ಅಜ್ಜಿ-ಅಜ್ಜ ಬಂದಿದ್ದರೆ ಈ ಪ್ರಶ್ನೆಯೇ ಏಳೋದಿಲ್ಲ ಬಿಡಿ.

ಯಾವ ಜಾಗ ಎಷ್ಟು ಹೊತ್ತಿಗೆ ಬರುತ್ತದೆ ಅನ್ನೋದು ಇನ್ನೂ ಮುಖ್ಯ. ಅಗ್ವಾದಾ 1612ರ ಕೋಟೆ. ಮೇಲೆ ಹೋದರೆ ದೊಡ್ಡ ಬಯಲು, ಕಾಲ ಕೆಳಗೆ ಕಾದ ಕೆಂಪು ಕಲ್ಲು, ಹಳೆಯ ನೀರಿನ ಟಾಕಿ, ಒಂದು ಲೈಟ್‌ಹೌಸ್. ನೆರಳು ಅಂತ ಹೇಳಿಕೊಳ್ಳುವಂಥದ್ದು ಇಲ್ಲ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಒಂದಕ್ಕೆ ಅಲ್ಲಿ ಇಳಿಸಿದರೆ ನೀವಾಗಿಯೇ ಹತ್ತು ನಿಮಿಷಕ್ಕೆ ಬಸ್ಸಿಗೆ ಓಡಿಬರುತ್ತೀರಿ. ಅದೇ ಹೊತ್ತಿಗೆ ಓಲ್ಡ್ ಗೋವಾದ ಬಾಂ ಜೀಸಸ್ ಬೆಸಿಲಿಕಾ ಒಳಗೆ ತಂಪಾಗಿರುತ್ತದೆ. ದಪ್ಪ ಗೋಡೆ, ಎತ್ತರದ ಚಾವಣಿ. ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹ ಇಟ್ಟಿರುವುದು ಇಲ್ಲೇ. ರಸ್ತೆ ದಾಟಿದರೆ ಸೆ ಕ್ಯಾಥೆಡ್ರಲ್. ಅದಕ್ಕೇ ಮಧ್ಯಾಹ್ನ ಚರ್ಚು, ಸಂಜೆ ಕಡಲು ಅನ್ನುವ ಟೂರ್ ಆರಿಸಿ. ರವಿವಾರ ಬೆಳಿಗ್ಗೆ ಪ್ರಾರ್ಥನೆ ನಡೆಯುತ್ತದೆ, ಆಗ ಒಳಗೆ ಹೋಗಿ ಫೋಟೋ ತೆಗೆಯುತ್ತ ನಿಲ್ಲಬೇಡಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಪಕ್ಕದ ಪುರಾತತ್ವ ಇಲಾಖೆಯ ಮ್ಯೂಸಿಯಂಗೆ ಶುಕ್ರವಾರ ರಜೆ.

ದಿನಪೂರ್ತಿಯ ಬಸ್ ಟೂರ್‌ಗಳು ಬೆಳಿಗ್ಗೆಯೇ ಹೊರಡುತ್ತವೆ. ಅದೇ ದಿನ ಬೆಳಗಾವಿಯಿಂದ ಹೊರಟರೆ ಸಿಗೋದು ಕಷ್ಟ, ಹಿಂದಿನ ದಿನವೇ ಹೋಗಿ ಉಳಿಯಿರಿ. ಕೆಎ-22 ಗಾಡಿ ತಗೊಂಡೇ ಹೋಗಿದ್ದೀರಾ? ಹಾಗಾದರೆ ಬಸ್ ಟೂರ್ ಯಾಕೆ ಬೇಕು? ಆ ದುಡ್ಡಿನಲ್ಲಿ ಪಣಜಿಯ ಫೊಂತೇನ್ಹಾಸ್ ಓಣಿಗಳಲ್ಲಿ ಗೈಡ್ ಜೊತೆ ಬೆಳಿಗ್ಗೆ ಎರಡು ತಾಸು ನಡೆಯಿರಿ. ಹಳದಿ, ನೀಲಿ ಗೋಡೆಯ ಪೋರ್ಚುಗೀಸ್ ಕಾಲದ ಮನೆಗಳು ಅವು, ಕಾರಿನಿಂದ ನೋಡುವ ಜಾಗ ಅಲ್ಲ. ಅಲ್ಲಿಂದ ಓಲ್ಡ್ ಗೋವಾಕ್ಕೆ ಹೋಗಿ ಫೆರಿಯಲ್ಲಿ ದಿವಾರ್ ದ್ವೀಪ ಸುತ್ತಿ ಬನ್ನಿ. ನಡೆದುಹೋಗುವವರಿಗೆ ಫೆರಿ ಫ್ರೀ. ಗಾಡಿ ಇಲ್ಲದವರು ಓಲಾ, ಊಬರ್ ನಂಬಿಕೊಂಡು ಹೋಗಬೇಡಿ, ಅಲ್ಲಿ ಅವು ನಡೆಯೋದಿಲ್ಲ. ಗೋವಾಮೈಲ್ಸ್ ಆ್ಯಪ್ ಹಾಕಿಕೊಳ್ಳಿ.

ದೂಧಸಾಗರ ಜಲಪಾತದ ಟೂರ್ ಮಾತ್ರ ಪಣಜಿಯಿಂದ ಬುಕ್ ಮಾಡಬೇಡಿ. ಜೀಪು ಹತ್ತುವುದು ಕುಳೆಂನಲ್ಲಿ. ಅದು ಇರೋದು ನಮ್ಮ ಖಾನಾಪುರ, ಅನಮೋಡ ಘಾಟ್ ಕಡೆಯಿಂದ ಇಳಿಯುವ ದಾರಿಯ ಹತ್ತಿರವೇ. ಪಣಜಿಗೆ ಹೋಗಿ ಟೂರ್ ಹತ್ತಿದರೆ ಬಂದ ದಿಕ್ಕಿಗೇ ಮತ್ತೆ ವಾಪಸ್ ಕರೆತರುತ್ತಾರೆ, ಅದಕ್ಕೂ ನೀವೇ ದುಡ್ಡು ಕೊಡಬೇಕು! ಒಂದು ಜೀಪಿಗೆ ಏಳು ಜನ, ಗುಂಪಾಗಿ ಹೋದರೆ ಒಳ್ಳೇದು. ಮಳೆಗಾಲದಲ್ಲಿ ಜೀಪು ಬಂದ್, ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಶುರು. ರೈಲಿನಿಂದ ದೂಧಸಾಗರ ಸ್ಟೇಷನ್‌ನಲ್ಲಿ ಇಳಿದುಬಿಡೋಣ ಅನ್ನುವ ಐಡಿಯಾ ಬೇಡ, ಅಲ್ಲಿ ಇಳಿಯುವಂತಿಲ್ಲ. ವಾಟರ್ ಸ್ಪೋರ್ಟ್ಸ್ ಕೂಡ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಂತಿರುತ್ತವೆ. ಆಗ ಅವನ್ನೂ ಸೇರಿಸಿ ಪ್ಯಾಕೇಜ್ ಮಾರಲು ಬಂದವರಿಗೆ ಕೈ ಮುಗಿದು ಮುಂದೆ ನಡೆಯಿರಿ.

ಮಾಂಡೋವಿ ನದಿಯ ಸಂಜೆ ಬೋಟು ಸುಮಾರು ಒಂದು ತಾಸಿನದು. ಟಿಕೆಟ್ ಜೆಟ್ಟಿಯ ಕೌಂಟರ್‌ನಲ್ಲೇ ತಗೊಳ್ಳಿ, ರಸ್ತೆಯಲ್ಲಿ ಅಡ್ಡ ಬಂದವರ ಹತ್ತಿರ ಬೇಡ. ಕ್ಯಾಸಿನೊ ಹಡಗುಗಳು ಬೇರೆ, ಇದು ಬೇರೆ. ಮನೆಯವರಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಹತ್ತುವ ಮುಂಚೆಯೇ ಜಗಳ.

ಟೆಂಪೋ ಟ್ರಾವೆಲರ್‌ನಲ್ಲಿ ಗ್ಯಾಸ್ ಒಲೆ, ಕುಕ್ಕರ್ ಹಾಕಿಕೊಂಡು ಹೋಗುವವರಿಗೆ ಒಂದು ಮಾತು: 2019ರಲ್ಲಿ ಕಾನೂನು ಬಿಗಿ ಮಾಡಿದ್ದಾರೆ, ಬೀಚಿನಂಥ ಪ್ರವಾಸಿ ಜಾಗಗಳಲ್ಲಿ ಬಯಲಲ್ಲಿ ಅಡಿಗೆ ಮಾಡಿದರೆ ದಂಡ. ರೊಟ್ಟಿ, ಶೇಂಗಾ ಚಟ್ನಿ ಮನೆಯಿಂದಲೇ ಕಟ್ಟಿಕೊಳ್ಳಿ.

ಕೊನೆಗೆ ರೇಟು. ಪ್ರವೇಶದ ಟಿಕೆಟ್, ಊಟ, ಬೋಟು ಇದರಲ್ಲೇ ಬಂತಾ, ಬೇರೆನಾ ಅಂತ ಒಂದೊಂದಾಗಿ ಕೇಳಿ, ರಸೀದಿಯ ಮೇಲೆ ಬರೆಸಿಕೊಳ್ಳಿ. ಮರಾಠಿ ಬಂದರೆ ಮರಾಠಿಯಲ್ಲೇ ಮಾತಾಡಿ, ಚೌಕಾಸಿ ಸಲೀಸು. ಸಂಜೆ ಎಲ್ಲಿ ಬಿಡುತ್ತಾರೆ ಅನ್ನೋದನ್ನೂ ಕೇಳಿ. ಬಸ್ಸಿನಲ್ಲಿ ಊರಿಗೆ ವಾಪಸ್ ಬರುವವರು ಬೆಳಗಾವಿಯ ಕೊನೇ ಬಸ್ ಎಷ್ಟಕ್ಕೆ ಅಂತ ಟೂರ್ ಹತ್ತುವ ಮುಂಚೆಯೇ ಪಣಜಿ ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿಟ್ಟುಕೊಳ್ಳಿ.