ಖಾಲಿ ಪ್ಯಾಕೆಟ್ ಎಣಿಸಿ ಪ್ಯಾಕೆಟ್ ತಿಂಡಿ ಬಿಡಿಸಿದ್ದು – ನನ್ನ ಅನುಭವ

ತಿಪಟೂರು ಕಡೆ ಒಂದು ಆರೋಗ್ಯ ಸಬ್‌ಸೆಂಟರಲ್ಲಿ ನಾನು ಸಿಸ್ಟರ್, ಹನ್ನೆರಡು ವರ್ಷ ಆಯ್ತು. ಮಕ್ಕಳ ಪ್ಯಾಕೆಟ್ ತಿಂಡಿ ಬಿಡಿಸ್ತೀನಿ ಅಂದಾಗ "ಲಸಿಕೆ ಹಾಕಿ ಎಂಟ್ರಿ ಮುಗ್ಸಿದ್ರೆ ಸಾಕು, ಊರಂಗಡಿ ಮುಚ್ಸಕ್ಕಾಗತ್ತಾ" ಅಂದೋರೇ ಎಲ್ಲ. ಈಗ ಅವರಲ್ಲೇ ಇಬ್ರು ಫೋನ್ ಮಾಡಿ ಹೆಂಗ್ ಮಾಡಿದ್ರಿ ಅಂತ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ.

ಮೊದಲ ಎರಡು ವರ್ಷ ದಂಡ. ಚಾರ್ಟ್ ಮಾಡಿಸ್ದೆ, ಲ್ಯಾಮಿನೇಷನ್ ಸೇರಿ ಎಂಟ್ನೂರು ರೂಪಾಯಿ ಕೈಯಿಂದ ಹೋಯ್ತು, ಯಾರೂ ತಿರುಗಿ ನೋಡ್ಲಿಲ್ಲ. ತಾಯಂದಿರಿಗೆ ಬೈದೂ ನೋಡ್ದೆ. ಒಬ್ಳು ಎಲ್ಲರ ಮುಂದೆ ಬೈಸ್ಕೊಂಡಿದ್ದಕ್ಕೆ ಮಗೂನ ಒಂದೂವರೆ ವರ್ಷದ ಬೂಸ್ಟರ್ ಲಸಿಕೆಗೇ ಬರ್ಲಿಲ್ಲ, ಮೂರು ಸಲ ಮನೆಗೆ ಹೋಗಿ ಕರೀಬೇಕಾಯ್ತು. ಅಲ್ಲಿ ಕೂತಾಗ್ಲೇ ಗೊತ್ತಾಗಿದ್ದು, ಅವಳು ಏಳು ಗಂಟೆಗೆ ಗಾರ್ಮೆಂಟ್ಸ್ ಬಸ್ ಹತ್ತಿದ್ರೆ ಮಗು ಪೂರ್ತಿ ಅಜ್ಜಿ ಕೈಲಿ, ಟೀಲಿ ಬಿಸ್ಕತ್ ಅದ್ದಿ ತಿನ್ಸೋದೂ ಅಜ್ಜಿ, ಅತ್ತರೆ ಐದ್ರೂಪಾಯಿ ಕೊಟ್ಟು ಅಂಗಡಿಗೆ ಕಳ್ಸೋದೂ ಅಜ್ಜಿ. ನಾನು ಎರಡು ವರ್ಷದಿಂದ ಬೈತಿದ್ದಿದ್ದು ತಾಯಿಗೆ.

ಆಮೇಲೆ ಗುರುವಾರ, ಲಸಿಕೆ ದಿನ, ಅಜ್ಜೀನೂ ಕರ್ಕೊಂಡು ಬನ್ನಿ ಅಂದೆ. ಇಂಜೆಕ್ಷನ್ ಆದ್ಮೇಲೆ ಅರ್ಧ ಗಂಟೆ ಕೂರಿಸ್ತೀವಲ್ಲ, ಆ ಅರ್ಧ ಗಂಟೇಲೇ ಕೆಲಸ. ಪ್ಯಾಕೆಟ್ ಕೊಡಬೇಡಿ ಅಂತ ಒಂದು ಮಾತೂ ಆಡಲ್ಲ. ಖಾಲಿದನ್ನ ಬಿಸಾಕ್ದೆ ಒಂದು ಕವರಲ್ಲಿ ಹಾಕಿಡಿ, ಮುಂದಿನ ತಿಂಗಳು ತನ್ನಿ ಅಂತೀನಿ, ಅಷ್ಟೇ. ಮೊದಲನೇ ಸಲ ಹದಿನೈದು ಮನೇಲಿ ತಂದಿದ್ದು ನಾಲ್ಕೇ. ಅದರಲ್ಲಿ ಒಬ್ಬರಜ್ಜಿ ತಾವೇ ಎಣಿಸಿದ್ರು, ಐವತ್ತೆಂಟೋ ಅರವತ್ತೋ ಇತ್ತು. "ಮುನ್ನೂರ್ ರೂಪಾಯಾ! ಮನೆ ಕೋಳಿ ಮೊಟ್ಟೆ ಮಾರಿ ಮಗೀಗೆ ಇದನ್ನ ತಿನ್ನಿಸ್ದೆನೇನವ್ವ ನಾನು" ಅಂದ್ರು. ಮಿಕ್ಕ ಅಜ್ಜಿಯರಿಗೆ ಹೇಳಿದ್ದೆಲ್ಲ ಅವರೇ, ನಾನಲ್ಲ.

ಆ ಮಗು ತೋಳಿನ ಸುತ್ತಳತೆ ಟೇಪಲ್ಲಿ 12 ಸೆಂಟಿಮೀಟರ್ ಹತ್ರ, ಹಳದೀಲಿತ್ತು, ಅಂದ್ರೆ ಪೌಷ್ಟಿಕತೆ ಕಡಿಮೆ. ಮೊಟ್ಟೆ ಮಾರೋದು ನಿಲ್ಲಿಸಿ, ರಾಗಿ ಸರಿಗೆ ತುಪ್ಪ ಹಾಕಿ, ವಾರಕ್ಕೆರಡು ಸಲ ನುಗ್ಗೆಸೊಪ್ಪು ಕೊಟ್ಟು ಐದು ತಿಂಗಳಿಗೆ 12.8, ಹಸಿರು, ಅಂದ್ರೆ ಸರಿಹೋಯ್ತು. ಆ ದಿನ ನಾನು ಎಷ್ಟು ಖುಷಿ ಪಟ್ಟೆ ಅಂದ್ರೆ ಟೇಪನ್ನ ಮೂರು ಸಲ ಸುತ್ತಿ ನೋಡ್ದೆ.

ಟೀ ಬಿಡ್ಸೋದು ಇದಕ್ಕಿಂತ ಕಷ್ಟ. ಆಶಾ ಕಾರ್ಯಕರ್ತೆ ವಾರಕ್ಕೆರಡು ಸಲ 1 ಎಂಎಲ್ ಐರನ್ ಸಿರಪ್ ಕೊಡಿಸ್ತಾಳೆ, ಹಿಂದೇನೇ ಟೀ ಕುಡಿಸಿದ್ರೆ ಕಬ್ಬಿಣ ಮೈಗೆ ಹತ್ತೋದೆಲ್ಲಿ. ಅದಕ್ಕೆ ನಾನು ಅಜ್ಜಿಯರಿಗೆ ಹೇಳೋ ಒಂದು ಮಾತಿದೆ, ಇಲ್ಲಿ ಬರಿಯಲ್ಲ, ಎದುರಿಗೆ ಸಿಕ್ಕಿದ್ರೆ ಹೇಳ್ತೀನಿ.

ಮಧ್ಯೆ ಕೈ ತೊಳ್ಸೋದಕ್ಕೂ ಒಂದು ಮಾಡ್ದೆ. ಬಚ್ಚಲ ಹತ್ರ ಸೋಪಿಟ್ರೆ ಕಾಗೆ ಎತ್ಕೊಂಡು ಹೋಗತ್ತೆ, ಹತ್ತು ಸೋಪು ಹಂಗೇ ಹೋಯ್ತು. ಹಳೇ ಕಾಲುಚೀಲದೊಳಗೆ ಸೋಪು ಹಾಕಿ ನಲ್ಲಿಗೆ ಗಂಟು ಹಾಕಿದ್ಮೇಲೆ ಕಾಗೆ ಕಾಟ ತಪ್ತು, ಮಕ್ಕಳಿಗೂ ಉಜ್ಜೋಕೆ ಆಟ.

ಈಗ ನಲವತ್ತು ಮನೇಲಿ ಇಪ್ಪತ್ತಾರು ಇಪ್ಪತ್ತೇಳರಲ್ಲಿ ಪ್ಯಾಕೆಟ್ ವಾರಕ್ಕೊಂದಕ್ಕೆ ಇಳಿದಿದೆ, ಅಂಗಡಿಯೋರೂ ಕಡಲೆಬೀಜದ ಚಿಕ್ಕಿ ತರಿಸ್ತಿದಾರೆ. ಮೊಬೈಲ್ ತೋರಿಸಿ ಉಣ್ಸೋದು ಮಾತ್ರ ಇನ್ನೂ ನಿಂತಿಲ್ಲ, ಅದಕ್ಕೆ ಎಣಿಸೋಕೆ ಖಾಲಿ ಪ್ಯಾಕೆಟ್ ಥರ ಏನೂ ಸಿಗಲ್ಲ. ಈ ಬೇಸಿಗೇಲಿ ಅಜ್ಜಿಯರ ಜೊತೆ ತಾತಂದಿರನ್ನೂ ಕರೆದು ನೋಡ್ತೀನಿ, ಫೋನ್ ಇರೋದು ಅವರ ಜೇಬಲ್ಲೇ.